ಎರಡು ಲಕ್ಷದ ಹದಿನೇಳು ಸಾವಿರದ ನಾನೂರಾ ಆರು

ತಿಂಗಳ ಮೊದಲ ರಾತ್ರಿ, ತುರ್ಭೆ.
ಐದು ಲಕ್ಷ ಹನ್ನೆರಡು ಸಾವಿರ ಗಿರಾಕಿಗಳು
ಚೆನ್ನೈಯ ಯಾವುದೋ ತಣ್ಣನೆ ಕೋಣೆಯಲ್ಲಿ ಮಲಗಿದ್ದಾರೆ.
ಒಬ್ಬೊಬ್ಬರನ್ನೇ ಎಬ್ಬಿಸಿ, ತಂತಿಯ ಮೇಲೆ ನಡೆಸಿ ತಂದು
ಇಲ್ಲಿ, ಈ ತಗಡಿನ ಶೆಡ್ಡಿನಲ್ಲಿ, ಕಾಗದ ಮಾಡಬೇಕು,
ಆರಕ್ಕೆ ವಾಶಿಯಿಂದ ಟಪಾಲಿನ ಟೆಂಪೊ ಬರುವುದರೊಳಗೆ.

ಸುರುಳಿ ಏರಿಸುವವನು ಕಮಳಾಕರ ತಾಂಡೇಲ.
ಅಪ್ಪ ಬಲೆ ಎಳೆದ, ಇವನು ಕಾಗದ ಎಳೆಯುತ್ತಾನೆ.
'ಮೀನು ಕಮ್ಮಿಯಾದವು, ದಾದಾ,
ಗಿರಾಕಿ ಕಮ್ಮಿಯಾಗೋದಿಲ್ಲ,'
ಅನ್ನುತ್ತಾನೆ, ಅಂಗೈಯಲ್ಲಿ ತಂಬಾಕು ತಿಕ್ಕುತ್ತ.

ನಾನು ಪರದೆಯ ಮುಂದೆ.
ಅಂಕೆ ಏರುವುದನ್ನು ನೋಡುವುದೇ ಉದ್ಯೋಗ.
ಕಣ್ಣು ಎಳೆದರೆ ಮಗ್ಗಿ ಹೇಳಿಕೊಳ್ಳುತ್ತೇನೆ,
ಫೋರ್ಟಿನ ಕನ್ನಡ ರಾತ್ರಿಶಾಲೆಯ ಮಗ್ಗಿ.
ಹಗಲೆಲ್ಲ ಕ್ಯಾಂಟೀನಿನ ಕಪ್ಪು ತೊಳೆದ ಹುಡುಗರು
ಹದಿನೇಳರ ನಡುವೆಯೇ ನಿದ್ದೆ ಹೋಗುತ್ತಿದ್ದೆವು.
ಹದಿನೇಳೇಳ್ಲ ನೂರಾ ಹತ್ತೊಂಬತ್ತು...
ಅಲ್ಲಿಂದಾಚೆ ಇವತ್ತಿಗೂ ಕತ್ತಲೆ.

ಎರಡೂ ಇಪ್ಪತ್ತಕ್ಕೆ ನಿಂತಿತು.
ಸದ್ದು ಮಾಡಿ ನಿಂತದ್ದಲ್ಲ, ಸದ್ದೇ ನಿಂತದ್ದು.
ಎಲ್ಲೋ ರಸ್ತೆ ಅಗೆಯುವ ಜೆಸಿಬಿ ಕೇಬಲ್ಲು ಕಡಿಯಿತೋ,
ಚೆನ್ನೈ ಬೇಸತ್ತು ಬಾಗಿಲು ಹಾಕಿಕೊಂಡಿತೋ.
ಪರದೆಯಲ್ಲಿ ೨,೧೭,೪೦೬.
ತಟ್ಟೆಯಲ್ಲಿ ಅರ್ಧ ಹಾಳೆ, ಇನ್ನೂ ಬಿಸಿ:

ಸುಗಂಧಾ ವಿಠೋಬಾ ಕಾಳ್ಸೇಕರ
ಖೋಲಿ ಒಂಬತ್ತು, ಘಾಟ್ಲಾ, ಚೆಂಬೂರು
ಹಿಂದಿನ ಬಾಕಿ ೪೧೨.೩೦
ನಾಲ್ಕಕ್ಕೆ ಜಮೆ ೩,೨೦೦
ನಾಲ್ಕಕ್ಕೇ ತೆಗೆದದ್ದು ೩,೦೦೦
ಹನ್ನೊಂದಕ್ಕೆ ಮೆಸೇಜಿನ ಖರ್ಚು ೧೭.೭೦
ಇಪ್ಪತ್ತಮೂರಕ್ಕೆ ತೆಗೆದದ್ದು

ಅಷ್ಟೇ. ಮುಂದೆ ಬಿಳಿ.

ಚೆನ್ನೈಗೆ ಫೋನು. ಪೂಂಗೊಡಿ ಎತ್ತಿದಳು.
ಮುಖ ಕಂಡಿಲ್ಲ; ಚಕ್ಕುಲಿ ಕಡಿಯುವ ಸದ್ದು ಗೊತ್ತು.
ಅವಳ ಹಿಂದಿ, ನನ್ನ ಹಿಂದಿ, ಎರಡೂ ಕುಂಟುತ್ತ
ನಡುದಾರಿಯಲ್ಲಿ ಕೈ ಹಿಡಿದುಕೊಳ್ಳುತ್ತವೆ.
'ಒಂದೇ ಉಸಿರಿಗೆ ಐದು ಲಕ್ಷ ಕೇಳಿದರೆ
ಯಾರಾದರೂ ಬೀಳುತ್ತಾರೆ, ಸಾರ್.
ಹತ್ತು ಸಾವಿರ ಕೇಳಿ. ಉಸಿರು ಬಿಡಿ. ಮತ್ತೆ ಕೇಳಿ.'
ಎಲ್ಲಿಂದ ಶುರು, ಎಂದೆ. ನಾನೂರಾ ಆರೋ? ಏಳೋ?
ಆರು ಎರಡು ಸಲ ಹೋದರೆ ಗಾಬರಿ,
ಒಂದು ಸಲವೂ ಹೋಗದಿದ್ದರೆ ದೂರು.
ಚಕ್ಕುಲಿ ನಿಂತಿತು. 'ಆರರಿಂದಲೇ,' ಎಂದಳು.
'ಅರ್ಧ ಹೇಳಿದ್ದು ಹೇಳಿದ ಹಾಗಲ್ಲ.'

ತಂತಿ ಜೀವ ಹಿಡಿಯುವವರೆಗೆ
ಕಮಳಾಕರ ಅರ್ಧ ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದ,
ಬಿಳಿಯೊಳಗೆ ಅಂಕೆ ಕಂಡೀತೇನೋ ಎಂಬಂತೆ.
'ಐನೂರು ತೆಗೆದಿರ್ತಾಳೆ.'
ನಾನು: 'ನಾನೂರು. ಗಣಪತಿ ಹತ್ತಿರ ಬಂತಲ್ಲ, ಸ್ವಲ್ಪ ಇಟ್ಟಿರ್ತಾಳೆ.'
ಒಂದು ವಡಾಪಾವಿನ ಪಂದ್ಯ.
ಊರಿನವರ ಗುಟ್ಟು ಓದಬಾರದೆಂದು ಗೋಡೆಯ ಮೇಲೆ
ಮೂರು ಭಾಷೆಯಲ್ಲಿ ಬರೆದಿದೆ.
ನಾವು ಗೋಡೆಗೆ ಬೆನ್ನು ಹಾಕಿ ಕೂತಿದ್ದೆವು.

ಮೂರೂ ಐದಕ್ಕೆ ರೋಲರು ಮುಲುಗಿ, ತಿರುಗಿ,
ಮೊದಲು ಬಂದವಳು ಅವಳೇ.

ಇಪ್ಪತ್ತಮೂರಕ್ಕೆ ತೆಗೆದದ್ದು ೫೯೪.೬೦
ಬಾಕಿ ೦.೦೦
ಖಾತೆ ಮುಚ್ಚಲಾಗಿದೆ

ಇಬ್ಬರೂ ಸೋತೆವು.
ಕೌಂಟರಿಗೇ ಹೋಗಿ, ಸಾಲಿನಲ್ಲಿ ನಿಂತು,
ಅರವತ್ತು ಪೈಸೆಯನ್ನೂ ಬಿಡದೆ ಕೇಳಿದ್ದಾಳೆ!
ಹತ್ತು ಪೈಸೆಯ ನಾಣ್ಯ ಈಗ ಎಲ್ಲಿದೆ? ಏನು ಕೊಟ್ಟರೋ.
ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ
ಎಂಬ ಮಾತನ್ನು ಕಮಳಾಕರನಿಗೆ ಮರಾಠಿಯಲ್ಲಿ
ಬಿಡಿಸಿ ಹೇಳಲು ಹೋಗಿ ಹಾಳು ಮಾಡಿದೆ.
ಆದರೂ ನಕ್ಕ. ಹಾಳೆಗೊಂದು ಸಲಾಮು ಹೊಡೆದ.

ಇನ್ನೇನೂ ಇಲ್ಲವೆಂದು ತಿಳಿಸಲಿಕ್ಕೂ
ಕಿಟಕಿಯಿರುವ ಬಿಳಿ ಲಕೋಟೆ, ಅಂಟು, ಅಂಚೆ.
ಯಂತ್ರ ಅವಳನ್ನು ಮೂರು ಮಡಿಕೆ ಮಾಡಿ ಒಳಗಿಟ್ಟಿತು,
ಹಿಂದಿನವರಂತೆಯೇ, ಮುಂದಿನವರಂತೆಯೇ.
ಅರ್ಧ ಹಾಳೆಯನ್ನು ಚೂರು ಮಾಡಿ ರಿಜಿಸ್ಟರಿನಲ್ಲಿ ಬರೆದೆ:
ಹಾಳಾದದ್ದು, ಒಂದು.
ಹತ್ತು ಸಾವಿರ. ಉಸಿರು. ಹತ್ತು ಸಾವಿರ.
ಯಾವ ಹೊತ್ತಿನಲ್ಲೋ, ಕೇಳದೆಯೇ, ಬಾಯಿಗೆ ಬಂತು:
ಹದಿನೇಳೆಂಟ್ಲ ನೂರಾ ಮೂವತ್ತಾರು.

ಟೆಂಪೊ ಬಂದದ್ದು ಆರೂ ಇಪ್ಪತ್ತಕ್ಕೆ.
ಡ್ರೈವರು ಇಳಿಯಲೂ ಇಲ್ಲ.
ಎಷ್ಟು ಜನ ಎಂದು ಕೇಳಲಿಲ್ಲ.
'ಮೊದಲ ಖೇಪಿಗೆ ಎಷ್ಟು ಕಿಲೊ?' ಎಂದ.