ಗಂಟು ಹಾಕಿದ ನೂಲು

ಉಪ್ಪಳದ ವಾಚನಾಲಯದ ಮಾಳಿಗೆಯಲ್ಲಿ
ಮೊದಲ ಸಲ ಮೈಕಿನೆದುರು ನಿಂತಾಗ
ನನ್ನ ಕೈಯಲ್ಲಿ ಒಂದೂವರೆ ಪುಟ ಇತ್ತು,
ಮಗನ ಲೆಕ್ಕದ ಪುಸ್ತಕದಿಂದ ಹರಿದದ್ದು.
ಭವಿಷ್ಯನಿಧಿ, ಬಾಕಿ ತುಟ್ಟಿಭತ್ಯೆ, ಕನ್ನಡದಲ್ಲಿ ಫಾರಮು,
ಮೂರನ್ನೂ ಹೇಳಿದೆ ಅಂದುಕೊಂಡೆ.
ಚಪ್ಪಾಳೆ ಬಂತು. ಕಾರ್ಯದರ್ಶಿ ಶೀನಣ್ಣ
"ಫಸ್ಟ್ ಕ್ಲಾಸ್ ಸುಗಂಧಿ, ಫಸ್ಟ್ ಕ್ಲಾಸ್" ಎಂದರು.
ಫಿಲೋಮಿನಾ ನೀರು ಕೊಟ್ಟಳು, ದೇವಕಿ ಸೀರೆ ಹೊಗಳಿದಳು.
ಐಸಮ್ಮ ಮಾತ್ರ ಚಪ್ಪಲಿ ಹುಡುಕುತ್ತಿದ್ದರು.

ಮರುದಿನ ಅವರ ಜಗಲಿಯಲ್ಲಿ, ಮೊರ ಮಡಿಲಿಗೆಳೆದು,
ತಗಡಿನ ಅಳತೆಗೆ ಎಲೆ ಕತ್ತರಿಸುತ್ತಿರುವಾಗ
ಸೊಂಟದ ಚೀಲದಿಂದ ನೂಲೊಂದು ತೆಗೆದರು,
ಬೀಡಿ ಕಟ್ಟುವ ಅದೇ ಗುಲಾಬಿ ನೂಲು.
ಉದ್ದಕ್ಕೂ ಗಂಟು, ಇರುವೆ ಸಾಲಿನ ಹಾಗೆ.
"ಮೂವತ್ತೊಂದು," ಎಂದರು. "ನಿನ್ನೆ ನೀನು
'ಎಂತ ಹೇಳಿದ್ರೆ' ಅಂತ ಹೇಳಿದ್ದು.
ಎಂತ ಅಂತ ಹೇಳಿದ್ದು ಎರಡೇ ಸಲ."

ಅಕ್ಷರ ಬಾರದ ನಿಮಗೆ ಭಾಷಣದ ಸಂಗತಿ ಎಂತ ಗೊತ್ತು?
ಬಾಯಿಬಿಟ್ಟು ಹೇಳಲಿಲ್ಲ.
ಹೇಳಿದ್ದಕ್ಕಿಂತ ಜೋರಾಗಿ ಕತ್ತರಿ ಇಟ್ಟು ಎದ್ದು ಬಂದೆ.
ನಾಲ್ಕು ದಿನ ಮನೆಯೊಳಗೆ ಒಬ್ಬಳೇ ಸುತ್ತಿದೆ.

ಶನಿವಾರ ಬ್ರಾಂಚಿನಲ್ಲಿ ಚೆಕಿಂಗಿನ ಕುಂಞಂಬು
ನನ್ನ ಕಟ್ಟು ಬಿಚ್ಚಿ, ಬೆರಳಲ್ಲಿ ಹೊರಳಿಸಿ ನೋಡಿ,
ಮೂವತ್ತು ಬೀಡಿ ಹಿಸುಕಿ ಬದಿಗೆ ಹಾಕಿದ.
"ಹೊಟ್ಟೆ ದಪ್ಪ, ತಲೆ ಸಡಿಲ."
ಅವನ ಮೇಲೆ ಸಿಟ್ಟು ಬರಲಿಲ್ಲ.
ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಬಂದದ್ದಿಲ್ಲ.
ಸಂಬಳ ಕಡಿಯುವವನ ಮಾತು ಅಷ್ಟು ಸಲೀಸಾಗಿ ನುಂಗುತ್ತೇನೆ.

ಬರುವಾಗ ರೈಲ್ವೆ ಗೇಟು ಹಾಕಿತ್ತು.
ಮಂಗಳೂರಿನ ಗೂಡ್ಸ್ ದಾಟುವವರೆಗೆ
ಡಬ್ಬಿ ಎಣಿಸುತ್ತಾ ನಿಂತೆ.
ಹೊಟ್ಟೆ ದಪ್ಪ. ತಲೆ ಸಡಿಲ.
ಅಲ್ಲ ಸುಗಂಧಿ, ಅವ ಹೇಳಿದ್ದು ಬರೀ ಬೀಡಿಗೋ?

ಸೋಮವಾರ ಹೋದೆ. ಐಸಮ್ಮ ಕೇಳಲಿಲ್ಲ ಏನೂ,
ಕಾಲು ಮಡಚಿ ಜಾಗ ಕೊಟ್ಟರು.
ನಾನೇ ಕೇಳಿದೆ: ಮತ್ತೆ ಎಂತ ತಪ್ಪಾಗಿತ್ತು?
"ನೀನು ಫ್ಯಾನಿನ ಹತ್ತಿರ ಮಾತಾಡಿದ್ದು. ನಾವು ಚಾಪೆಯಲ್ಲಿದ್ದೆವು.
ನಿಧಿ ನಿಧಿ ಅಂದೆ, ನನಗೆ ಬಾವಿಯೊಳಗಿನ ಕೊಪ್ಪರಿಗೆ ಕಂಡಿತು.
ಎಷ್ಟು ದುಡ್ಡು, ಯಾವಾಗ ಕೈಗೆ, ಅದು ಹೇಳು ಮಾರಾಯ್ತಿ.
ಮತ್ತೆ ಕಡೆಗೆ... ನೀನು ನಿಲ್ಲಿಸಿದ್ದೋ, ಕರೆಂಟು ಹೋದದ್ದೋ?"
ಒಳಗಿಂದ ಸೊಸೆ ಸಫಿಯಾ, ಪಯ್ಯನ್ನೂರಿನವಳು,
ಮಗು ಎತ್ತಿಕೊಂಡು ಬಾಗಿಲಿಗೆ ಬಂದು
ಅರ್ಧ ಮಲಯಾಳ, ಅರ್ಧ ನಮ್ಮದು ಸೇರಿಸಿ:
"ಚೇಚಿ, ನೀವು ಬೆರಳು ತೋರಿಸಿದ್ರಲ್ಲಾ,
ಆವಾಗ ಮಾತ್ರ ನನಗೆ ಪೂರ್ತಿ ತಿಳಿದದ್ದು."
ಬೆರಳು ನೋಡಿಕೊಂಡೆ, ಕತ್ತರಿ ತಾಗಿ ದಡ್ಡುಗಟ್ಟಿದ್ದು.
ತೋರಿಸಿದ ನೆನಪೇ ನನಗಿಲ್ಲ.

ಆಮೇಲೆ ಸುತ್ತುತ್ತಾ ಸುತ್ತುತ್ತಾ ಮಾತು ಕಲಿತೆ.
ಒಂದು ಬೀಡಿ ಮುಗಿಯುವಾಗ ಒಂದು ಮಾತು ಮುಗಿಯಬೇಕು.
ಮೊದಮೊದಲು ಒಂದು ವಾಕ್ಯಕ್ಕೆ ಐದು ಬೀಡಿ ಹಿಡಿಯಿತು;
ಐಸಮ್ಮ ಎಣಿಸಿ ನಕ್ಕರು. ಒಮ್ಮೆ ನಾನೂ.

ವಿದ್ಯಾನಗರ, ಕಲೆಕ್ಟರೇಟಿನ ಗೇಟು, ಹನ್ನೊಂದರ ಬಿಸಿಲು.
ಕಾಗದ ಚೀಲದಲ್ಲೇ ಬಿಟ್ಟೆ.
ದಡ್ಡುಗಟ್ಟಿದ ಬೆರಳೆತ್ತಿ, "ಇದಕ್ಕೆ ಇಪ್ಪತ್ತೆರಡು ವರ್ಷ" ಎಂದು
ಸುಮ್ಮನಾದೆ.
ಆ ಸುಮ್ಮನೆಯಲ್ಲಿ ಒಂದು ಬಸ್ಸು ಹೋಯಿತು, ಯಾರದೋ ಮಗು ಕೆಮ್ಮಿತು.
ತುಟ್ಟಿಭತ್ಯೆ ಹೇಳಿದೆ. ಫಾರಮು ಮರೆತೇ ಹೋಯಿತು.
ಮೇಲಿನ ಮಾಳಿಗೆಯಲ್ಲಿ ಯಾರೋ ಕಿಟಕಿ ಹಾಕಿಕೊಂಡರು.

ಹಿಂದಿರುಗುವ ಬಸ್ಸಿನಲ್ಲಿ ಕೈ ಚಾಚಿದೆ: ಎಲ್ಲಿ ನೂಲು?
ಏಳು ಗಂಟು. ಆಮೇಲೆ ಮೊಳದುದ್ದ ಬರಿ ನೂಲು.
"ಇಷ್ಟೇಯೋ?"
"ಗೊತ್ತಿಲ್ಲ. ಮತ್ತೆ ಎಣಿಸಲಿಲ್ಲ."
"ನಿದ್ದೆಯೋ ನಿಮಗೆ?"
ಅವರು ಉತ್ತರ ಕೊಡಲಿಲ್ಲ. ಗಂಟಿನ ತುಂಡನ್ನು
ಹಲ್ಲಿನಲ್ಲಿ ಕಡಿದು ನನ್ನ ಕೈಗಿಟ್ಟು,
ಉಳಿದದ್ದನ್ನು ಬೆರಳಿಗೆ ಸುತ್ತಿಕೊಂಡರು,
ನಾಳೆಯ ಬೀಡಿಗೆ.
"ಫಾರಮು ಬಿಟ್ಟೆ," ಎಂದರು, ಕುಂಬಳೆ ದಾಟಿದ ಮೇಲೆ.