ಅರಿಶಿನದ ಕಡ್ಡಿ

ಸೆಮರಾಂಗಿನ ಶಾಲೆಯೊಂದರ ಗೇಟಿನೆದುರು
ತುಕಿರಾನ್ ಬಟ್ಟಲಿಗೆ ಚಮಚ ತಾಗಿಸುತ್ತಾನೆ: ಟಿಂಗ್, ಟಿಂಗ್.
ಬಿಡುವಿನ ಗಂಟೆಗೂ ಮೊದಲೇ ಮಕ್ಕಳಿಗೆ
ಹಸಿವು ಕೇಳಿಸುವುದು ಹೀಗೆ.
ನಾನು ಮೂಗಿನ ಮೇಲಿನ ಬೆವರೊರೆಸಿ
ಇಲಾಖೆಯ ವ್ಯಾನಿನಿಂದ ಇಳಿಯುತ್ತೇನೆ.
ಕೈಯಲ್ಲೊಂದು ಡಬ್ಬಿ, ಡಬ್ಬಿಯಲ್ಲಿ ಹಲ್ಲುಕಡ್ಡಿ,
ಅರಿಶಿನದ ರಸದಲ್ಲಿ ನೆನೆಸಿ ಒಣಗಿಸಿದ್ದು.
ಕಚೇರಿಗೆ ಹೊಸ ಯಂತ್ರ ಬಂದಿದೆ,
ಇನ್ನೂ ಪ್ಲಾಸ್ಟಿಕ್ ಬಿಚ್ಚಿಲ್ಲ.
ಅಲ್ಲಿಯವರೆಗೆ ಸರಕಾರವೆಂದರೆ ಈ ಕಡ್ಡಿ.

ಬಕ್ಸೋ ಉಂಡೆಗೆ ಚುಚ್ಚುತ್ತೇನೆ.
ಹತ್ತೆಣಿಸುವಷ್ಟರಲ್ಲಿ ಹಳದಿ ತುದಿ ಕೆಂಪು.

ಬಿಳಿಗಾರ.
ಅಕ್ಕಸಾಲಿ ಚಿನ್ನದ ಬಿರುಕಿಗೆ ಹಾಕಿ ಬೆಸೆಯುವ ಅದೇ ಪುಡಿ.
ಇಲ್ಲಿ ಬೆಸೆದಿರುವುದು
ಒಂದು ಪಾಲು ಮಾಂಸ, ಮೂರು ಪಾಲು ಹಿಟ್ಟು,
ನಸುಕಿನ ಮೂರೂವರೆ ಗಂಟೆ, ಒಂದು ತಿಂಗಳ ಬಾಡಿಗೆ.

"ಏನು ಹಾಕಿದ್ದೀಯ?"
"ಮದ್ದು, ಅಮ್ಮ. ಬಕ್ಸೋ ಮದ್ದು."
ಸಂತೆಯಲ್ಲಿ ಅದಕ್ಕೆ ಬೇರೆ ಹೆಸರಿಲ್ಲ.
ಪಾರದರ್ಶಕ ಚೀಲ, ರಬ್ಬರ್ ಬ್ಯಾಂಡು;
ತೂಕವಿಲ್ಲ, ತಾರೀಖಿಲ್ಲ, ಮಾಡಿದವನ ಊರಿಲ್ಲ.
ಇವನಿಗೆ ಕಸುಬು ಕಲಿಸಿದವನು ಹಾಕುತ್ತಿದ್ದ,
ಅವನ ಅಪ್ಪನೂ.
ಮದ್ದು ಕೊಟ್ಟು ಬದುಕಿಸುತ್ತಾರೆ,
ಮದ್ದು ಹಾಕಿ ಕೊಲ್ಲುತ್ತಾರೆ.
ಒಂದೇ ಮಾತಿನ ಎರಡು ಬಾಗಿಲುಗಳಲ್ಲಿ
ಇವನು ಕಂಡದ್ದು ಒಂದನ್ನೇ.

ಸರಿಯಾದ ಉಪ್ಪು ಇದೆ ಎನ್ನುತ್ತೇನೆ, ಚೀಟಿ ಅಂಟಿಸಿದ್ದು, ಒಪ್ಪಿಗೆಯಿರುವಂಥದ್ದು.
"ನಿಮ್ಮ ಒಳ್ಳೆಯ ಮದ್ದಿಗೆ ಮೂರು ಪಟ್ಟು ಬೆಲೆ.
ಇದನ್ನೇ ಎಷ್ಟು ಹಾಕಿದರೆ ತಪ್ಪಲ್ಲ?"
"ಇದಕ್ಕೆ ಸೊನ್ನೆ."
ಪಕ್ಕದ ಗಾಡಿಯ ಶರಬತ್ತಿನತ್ತ ಗಲ್ಲ ಎತ್ತುತ್ತಾನೆ,
ನಿಂಬೆಯನ್ನು ಕಂಡೇ ಇರದ ನಿಂಬೆ ಬಣ್ಣ.
"ಅದಕ್ಕೆ?"

ಅದಕ್ಕೆ ನಂಬರಿದೆ, ಪರವಾನಗಿಯಿದೆ, ಮಿತಿಯಿದೆ:
ದೇಹದ ಒಂದೊಂದು ಕಿಲೋಗೆ ದಿನಕ್ಕಿಷ್ಟು ಮಿಲಿಗ್ರಾಂ.
ಇಲಿಗಳು ಆಯುಷ್ಯವಿಡೀ ತಿಂದು,
ಕೊನೆಗೆ ಹೊಟ್ಟೆ ಕೊಯ್ಸಿಕೊಂಡು ಹೇಳಿದ ಲೆಕ್ಕ;
ಅದನ್ನು ನೂರರಿಂದ ಭಾಗಿಸಿದ್ದೇವೆ.
ಮನುಷ್ಯ ಇಲಿಯಲ್ಲ ಎಂಬುದಕ್ಕೆ ಹತ್ತು,
ಒಬ್ಬನಂತೆ ಇನ್ನೊಬ್ಬನಿಲ್ಲ ಎಂಬುದಕ್ಕೆ ಹತ್ತು.
ಮಗ್ಗಿಯಂತೆ ಒಪ್ಪಿಸುತ್ತೇನೆ.

ತುಕಿರಾನ್ ಸಾಲಿನತ್ತ ತಿರುಗುತ್ತಾನೆ.
ಎಲ್ಲರಿಗಿಂತ ಮುಂದೆ ಗೆಂಡಿಸ್, ಒಂದನೆಯ ತರಗತಿ.
ಜಾವಾ ನುಡಿಯಲ್ಲಿ ಆ ಹೆಸರಿಗೆ ಸಕ್ಕರೆ ಎಂದರ್ಥ.
ಬೆನ್ನಿನ ಚೀಲ ಇಳಿಸಿದರೆ ಹದಿನೈದು ಕಿಲೋ ಇದ್ದಾಳು.
"ಇವಳಿಗೂ ಆ ಆರನೆಯ ತರಗತಿಯ ದಾಂಡಿಗನಿಗೂ
ಒಂದೇ ಗ್ಲಾಸು, ಒಂದೇ ಬೆಲೆ.
ನೀವು ತಕ್ಕಡಿ ತರಬೇಕಿತ್ತು, ಅಮ್ಮ."

ಫಾರಮಿನಲ್ಲಿ ಈ ಮಾತಿಗೆ ಮನೆಯಿಲ್ಲ.
"ಇತರೆ" ಎಂಬಲ್ಲಿ ಪೆನ್ನೂರಿ, ಎತ್ತಿದೆ.
ಒಂದು ಚುಕ್ಕೆ ಉಳಿಯಿತು.

ನಾನೂರ ಹದಿಮೂರು ಉಂಡೆ. ಎಣಿಸಬೇಕೆಂದು ನಿಯಮ.
ಚೀಲಕ್ಕೆ ಸುರಿಯುವಾಗ ಒಂದು ಜಾರಿ
ಸಿಮೆಂಟಿನ ಮೇಲೆ ಚೆಂಡಿನಂತೆ ಪುಟಿಯಿತು,
ಮತ್ತೊಮ್ಮೆ, ಮತ್ತೂ ಒಮ್ಮೆ.
ಮಕ್ಕಳು ಕೇಕೆ ಹಾಕಿದರು.
ಗೆಂಡಿಸ್ ಹಿಡಿಯಲು ಓಡಿದಳು.
ಈ ಪುಟಿತವನ್ನೇ ತಾಜಾ ಎಂದು ನಂಬಿ
ಇಂಥದೇ ಗೇಟಿನಲ್ಲಿ ತಿಂದು ಬೆಳೆದವಳು ನಾನು.
ತುಕಿರಾನ್ ನಗಲಿಲ್ಲ.
ಒಲೆ ಆರಿಸಿ, ಸಾರನ್ನು ಏನು ಮಾಡಲಿ ಎಂದು ಕೇಳಿದ.

ರಾತ್ರಿ ನಲ್ಲಿಯ ಕೆಳಗೆ ಕೈಯೊಡ್ಡುತ್ತೇನೆ.
ಬೆರಳ ಸಂದಿಯ ಅರಿಶಿನಕ್ಕೆ
ಸಾಬೂನು ತಾಗಿದ್ದೇ ತಡ, ಕೆಂಪು.
ಗೊತ್ತಿದ್ದದ್ದೇ: ಸುಣ್ಣ, ಸೋಡಾ, ಸಾಬೂನು,
ಯಾವ ಕ್ಷಾರಕ್ಕೂ ಅರಿಶಿನ ಹೀಗೆಯೇ ರಂಗೇರುತ್ತದೆ;
ಅದಕ್ಕೇ ಕಡ್ಡಿ ಬರೀ ಸಾಕ್ಷಿ, ತೀರ್ಪು ಲ್ಯಾಬಿನದು.
ಗೊತ್ತಿದ್ದೂ
ಎರಡೂ ಅಂಗೈಗಳನ್ನು ಬಲ್ಬಿಗೆ ಹಿಡಿದು
ನಿಂತೇ ಇದ್ದೇನೆ,
ನಲ್ಲಿ ಸುರಿಯುತ್ತಲೇ ಇದೆ.