ಆರನೆಯ ವಾರ

ಕುತೈಸಿಯ ಆಸ್ಪತ್ರೆಯಲ್ಲಿ ಡಾಕ್ಟರು
ನಿನ್ನ ಹೊಟ್ಟೆಯ ಚಿತ್ರವನ್ನು ಬೆಳಕಿಗೆ ಹಿಡಿದು ಹೇಳಿದರು:
ಇಲ್ಲಿರಬೇಕಿತ್ತು, ಹೆಬ್ಬೆರಳಿನ ದಪ್ಪದ್ದು,
ಕಾಲಿನ ರಕ್ತ ಎದೆಗೆ ಏರುವ ದೊಡ್ಡ ದಾರಿ.
ಮುಚ್ಚಿಹೋದದ್ದಲ್ಲ, ತ್ಸಿಯಾಲಾ, ಹುಟ್ಟಿದ್ದೇ ಇಲ್ಲ.
ಬಸಿರಿನ ಆರನೆಯ ವಾರದ ಆಸುಪಾಸು
ಮೂಡಬೇಕಾದ್ದು ಮೂಡಲಿಲ್ಲ.
ಯಾರ ತಪ್ಪೂ ಅಲ್ಲ.

ಹಾಗೆನ್ನುವಾಗ ಅವರು
ನನ್ನ ಕಡೆ ನೋಡಬಾರದಿತ್ತು.

ಬಸ್ಸಿನಲ್ಲಿ ಬೆರಳು ಮಡಚಿ ಎಣಿಸಿದೆ, ಮಲ್ಖಾಜ್,
ಇಪ್ಪತ್ತಾರು ವರ್ಷ ಹಿಂದಕ್ಕೆ.
ಫೆಬ್ರವರಿ. ಕರೆಂಟಿಲ್ಲದ ಚಳಿಗಾಲ.
ಚಿಯಾತುರಾದ ಹಗ್ಗದ ತೊಟ್ಟಿಲುಗಳು
ಕಣಿವೆಯ ನಡುಗಾಳಿಯಲ್ಲಿ ನಿಂತುಬಿಡುತ್ತಿದ್ದವು.
ಒಂದು ದಿನ ಒಳಗೆ ನಾನೂ ಇದ್ದೆ,
ಮಡಿಲಲ್ಲಿ ಎಂಟು ಜಾಡಿ ಮೊಸರು,
ನೀನಿರುವುದನ್ನು ಇನ್ನೂ ಯಾರಿಗೂ ಹೇಳಿರಲಿಲ್ಲ.
ಮೂರು ಗಂಟೆ ತೂಗಾಡಿದೆವು.
ಗಣಿಯವನೊಬ್ಬ ಮೊದಲು ಸರ್ಕಾರವನ್ನು ಬೈದ,
ಆಮೇಲೆ ಹಗ್ಗವನ್ನು, ಆಮೇಲೆ ಹೆಂಡತಿಯನ್ನು.
ಆಗಲೇ ಇರಬಹುದೆ?
ಮರುದಿನ ಸೌದೆ ಹೊತ್ತೆನಲ್ಲ, ಅದೋ?
ನಿನ್ನಪ್ಪನ ಮೇಲಿನ ಸಿಟ್ಟಿಗೆ ಊಟ ಬಿಟ್ಟ ಗುರುವಾರವೋ?

ತೊಟ್ಟಿಲುಗಳು ಪೂರಾ ನಿಂತ ಮೇಲೆ ಊರು ನಡೆಯಿತು.
ಮೇಕೆ ಹಾದಿ, ಯಾರದೋ ಹಿತ್ತಿಲು, ಚರ್ಚಿನ ಹಿಂದಿನ ಮಣ್ಣುಮೆಟ್ಟಿಲು,
ನುಸುಳಿದಲ್ಲಿ ನುಸುಳಿ ಮನೆ ಸೇರಿತು.
ನಿನ್ನ ರಕ್ತವೂ ಹಾಗೇ ಅಂತೆ.
ಬೆನ್ನುಮೂಳೆಯ ಬದಿಯ ಸಣ್ಣ ನಾಳಗಳನ್ನು ಹಿಗ್ಗಿಸಿಕೊಂಡು
ಇಪ್ಪತ್ತಮೂರು ವರ್ಷ ಏರಿತು, ಒಂದು ದೂರಿಲ್ಲದೆ.
ಒಂದು ಬೆಳಿಗ್ಗೆ ಎಡಗಾಲು ಕಂಬವಾಯಿತು.
ಮರುವರ್ಷ ಬಲಗಾಲು.
ಈಗ ಮತ್ತೆ ಎಡದ್ದೇ, ತೊಡೆಯ ಬುಡದವರೆಗೆ.

ಹೆಪ್ಪು, ಅಂದರು.
ಮದುವೆಯಾದಂದಿನಿಂದ ದಿನಾ ರಾತ್ರಿ ಹೆಪ್ಪು ಹಾಕುವವಳು ನಾನು.
ಉಗುರುಬೆಚ್ಚಗಿನ ಹಾಲು, ನಿನ್ನೆಯದೊಂದು ಚಮಚ,
ಮೇಲೊಂದು ಉಣ್ಣೆಯ ಶಾಲು.
ಅಲುಗಿಸದೆ ಬಿಟ್ಟರೆ ಗಟ್ಟಿಯಾಗುತ್ತದೆ,
ನನಗೆ ಬರುವ ವಿದ್ಯೆ ಅಷ್ಟೇ.
ಅದಕ್ಕೇ ಕೂತಲ್ಲಿಂದ ನಿನ್ನನ್ನು ಎಬ್ಬಿಸುತ್ತಿರುತ್ತೇನೆ.
ಕೋಪ ಮಾಡಿಕೊ, ಆದರೆ ಓಡಾಡುತ್ತ ಮಾಡಿಕೊ.

ಅಕ್ರೋಟು ಅರೆದು ಕಲಸಿದ ಪಾಲಕ್ ಉಂಡೆ
ಈಗ ದಿನಕ್ಕೆ ಒಂದು, ಹೆಚ್ಚಿಲ್ಲ, ಕಮ್ಮಿಯಿಲ್ಲ.
ಮಾತ್ರೆಗೆ ಸೊಪ್ಪಿನ ಲೆಕ್ಕ ತಪ್ಪಬಾರದಂತೆ.
ನೀನು ತಟ್ಟೆ ನೋಡುತ್ತೀ. ನಾನು ಒಲೆ ನೋಡುತ್ತೇನೆ.

ಒಂದು ಮಾತು ಡಾಕ್ಟರಿಗೆ ಹೇಳಲಿಲ್ಲ.
ನೀನು ನಾಲ್ಕು ವರ್ಷದವನಿದ್ದಾಗ, ಸ್ನಾನದ ತೊಟ್ಟಿಯಲ್ಲಿ,
ಹೊಕ್ಕುಳ ಬಳಸಿ ಹೊರಟ ನೀಲಿ ಗೆರೆಗಳನ್ನು ಕಂಡಿದ್ದೆ.
ಬೆರಳಿನಿಂದ ಸವರಿಯೂ ಇದ್ದೆ.
ಎಷ್ಟು ತೆಳ್ಳನೆ ಚರ್ಮ, ಎಷ್ಟು ಬಿಳಿ ನನ್ನ ಮಗು ಎಂದು
ಪಕ್ಕದ ಮನೆಯವಳನ್ನು ಕರೆದು ತೋರಿಸಿದ್ದೆ.